ಅಣುಗಳಿಗೆ ಕವಾಯತು ಹೇಳಿಕೊಡುವ ಹವಾಲ್ದಾರ್ ಯಾರೂ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಲೋಹದ ಮೇಲೆ ಕೂತು ತಿರುಗುವ ಅಣುಗಳ ಬಗ್ಗೆ ಒಂದು ಬರಹ ಬಂದಿತ್ತು. ಈ ಮಳೆಗಾಲದಲ್ಲಿ ನಮ್ಮ ಕಡೆಗೆ ಪೇಪರ್ ಬಂದು ಮುಟ್ಟುವಾಗ ಮಧ್ಯಾಹ್ನ ಆಗಿರುತ್ತದೆ, ಅದೂ ಅರ್ಧ ನೆನೆದು. ಒಲೆಯ ಪಕ್ಕ ಹರಡಿ ಒಣಗಿಸಿ ಓದಿದೆ. ಮೊದಲು ಖುಷಿಯಾಯ್ತು. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಸಿಗುವುದೇ ಅಪರೂಪ ಅಲ್ವಾ. ಆಮೇಲೆ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡವು. ವಿಜ್ಞಾನಿಗಳ ಆಜ್ಞೆಗೆ ಅಣುಗಳು ಸೈನಿಕರ ಹಾಗೆ ಸಾಲಾಗಿ ನಿಲ್ಲುತ್ತವೆ ಅಂತ ಒಂದು ಕಡೆ ಬರೆದಿದ್ದೀರಿ. ಒಂಟಿ ಅಣುವಿನ ಪ್ರಯೋಗವನ್ನು 5 ಡಿಗ್ರಿ ಚಳಿಯಲ್ಲಿ ಮಾಡಿದರು ಅಂತ ಇನ್ನೊಂದು ಕಡೆ. ಎರಡೂ ತಪ್ಪು, ಆದರೆ ಒಂದೇ ತರದ ತಪ್ಪಲ್ಲ, ಮತ್ತು ಮೊದಲನೆಯದು ಪೂರ್ತಿ ತಪ್ಪು ಅಂತ ಹೇಳುವುದಕ್ಕೂ ಈಗ ನನಗೆ ಧೈರ್ಯ ಇಲ್ಲ. ಅದಕ್ಕೇ ಪತ್ರ ಉದ್ದವಾಗಿದೆ. ಕತ್ತರಿಸಿದರೆ ಬೇಜಾರಿಲ್ಲ, ಮಧ್ಯದ ಮೇಜಿನ ಕತೆ ಮಾತ್ರ ಬಿಡಬೇಡಿ.

ನಾನು ಸಂಶೋಧಕನಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಈಗ ಸೋಮವಾರಪೇಟೆ ಕಡೆ ಎರಡೂವರೆ ಎಕರೆ ಕಾಫಿ ನೋಡಿಕೊಂಡು ಇರುವವನು. ಆದರೆ ನನ್ನ ತಮ್ಮನ ಮಗಳು ಇದೇ ಕೆಲಸ ಮಾಡುತ್ತಾಳೆ. ತಿರುಗುವ ಅಣುಗಳು ಒಂದರ ಪಕ್ಕ ಒಂದು ಇದ್ದಾಗ ಹೇಗೆ ನಿಲ್ಲುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆಟಿ ತಿಂಗಳ 18ಕ್ಕೆ ನಮ್ಮ ಕಡೆ ಮಾಡುವ ಮದ್ದು ಸೊಪ್ಪಿನ ಪಾಯಸಕ್ಕೆ ಅಂತ ಊರಿಗೆ ಬಂದಿದ್ದಳು. ಬಂದ ಮಾರನೇ ದಿನವೇ ಕರೆಂಟ್ ಹೋಯ್ತು. ಮೂರು ದಿನ. ಇನ್‌ವರ್ಟರ್ ಮೊದಲ ರಾತ್ರಿಯೇ ಕೈಕೊಟ್ಟಿತು, ಅವಳ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದ್ದ ಲೆಕ್ಕ ಅರ್ಧಕ್ಕೇ ನಿಂತಿತು. ಹೊರಗೆ ಹೋಗೋಣ ಅಂದರೆ ಜಿಗಣೆ. ಹಾಗಾಗಿ ನಿಮ್ಮ ಬರಹ ಇಟ್ಟುಕೊಂಡು ನಾವಿಬ್ಬರೂ ಕೂತೆವು.

ಮೊದಲು ಆ ಒಂಟಿ ಅಣುವಿನ ವಿಷಯ. 2011ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸೈಕ್ಸ್ ಅವರ ತಂಡ ಒಂದೇ ಒಂದು ಅಣುವಿನ ಎಲೆಕ್ಟ್ರಿಕ್ ಮೋಟಾರ್ ಮಾಡಿ ತೋರಿಸಿತು. ಅಣುವಿನ ಹೆಸರು ಬ್ಯುಟೈಲ್ ಮಿಥೈಲ್ ಸಲ್ಫೈಡ್. ಹೆಸರಿಗೆ ಹೆದರಬೇಡಿ. ನಡುವೆ ಒಂದು ಗಂಧಕದ ಪರಮಾಣು, ಅದರ ಒಂದು ಕಡೆಗೆ ನಾಲ್ಕು ಇಂಗಾಲ ಇರುವ ಉದ್ದ ತೋಳು, ಇನ್ನೊಂದು ಕಡೆಗೆ ಒಂದೇ ಇಂಗಾಲದ ಮೋಟು ತೋಳು. ಗಂಧಕ ತಾಮ್ರಕ್ಕೆ ಅಂಟಿಕೊಳ್ಳುತ್ತದೆ, ಗೂಟ ಹೊಡೆದ ಹಾಗೆ. ತೋಳುಗಳು ಅದರ ಸುತ್ತ ತಿರುಗುತ್ತವೆ. ಇಡೀ ಅಣುವಿನ ಅಗಲ ಸುಮಾರು 1 ನ್ಯಾನೋಮೀಟರ್, ಅಂದರೆ 1 ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೋಡುವುದಕ್ಕೂ ತಿರುಗಿಸುವುದಕ್ಕೂ ಒಂದೇ ಉಪಕರಣ, ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್. ಅದನ್ನು 1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಬಿನ್ನಿಗ್ ಮತ್ತು ರೋರರ್ ಕಟ್ಟಿದರು, 1986ರಲ್ಲಿ ನೊಬೆಲ್ ಬಂತು. ಒಂದು ಚೂಪು ಮೊನೆಯನ್ನು ಲೋಹಕ್ಕೆ ತಾಗಿಯೂ ತಾಗದ ಹಾಗೆ ತಂದು ನಿಲ್ಲಿಸುತ್ತಾರೆ. ಮೊನೆಗೂ ಲೋಹಕ್ಕೂ ನಡುವೆ ಎಲೆಕ್ಟ್ರಾನ್‌ಗಳು ಹರಿಯುತ್ತವೆ. ಆ ಎಲೆಕ್ಟ್ರಾನ್ ಬಂದು ಬಡಿದಾಗ ಅಣು ತಿರುಗುತ್ತದೆ.

ಆ ತಾಮ್ರದ ಮೈ ಹೇಗಿದೆ ಅಂತ ನಿಮ್ಮ ಬರಹದಲ್ಲಿ ಇರಲಿಲ್ಲ. ಅದೇ ಮುಖ್ಯ. ಕಿತ್ತಳೆ ಹಣ್ಣನ್ನು ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿದ್ದನ್ನು ನೋಡಿದ್ದೀರಲ್ಲ, ಒಂದು ಹಣ್ಣಿನ ಸುತ್ತ ಆರು ಹಣ್ಣು ಕೂರುತ್ತವೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪ್ರಯೋಗಕ್ಕೆ ಬಳಸುವ ತಾಮ್ರದ ಮೈಯಲ್ಲೂ ಪರಮಾಣುಗಳು ಹಾಗೇ ಕೂತಿವೆ, ನಡುವೆ 0.256 ನ್ಯಾನೋಮೀಟರ್ ಅಂತರ. ಹೀಗಾಗಿ ಮೇಲೆ ಕೂತ ಅಣುವಿಗೆ ಸಲೀಸಾಗಿ ನಿಲ್ಲುವ ದಿಕ್ಕುಗಳು ಆರು. ಅದು ಫ್ಯಾನಿನ ಹಾಗೆ ನುಣ್ಣಗೆ ತಿರುಗುವುದಿಲ್ಲ. ಒಂದು ದಿಕ್ಕಿನಿಂದ ಪಕ್ಕದ ದಿಕ್ಕಿಗೆ ಟಕ್ ಅಂತ ಹಾರುತ್ತದೆ, ಗಡಿಯಾರದ ಸೆಕೆಂಡ್ ಮುಳ್ಳಿನ ಹಾಗೆ, ಆದರೆ ಹಿಂದಕ್ಕೂ ಮುಂದಕ್ಕೂ. ಇಂಥದೇ ಗಂಧಕದ ಇನ್ನೊಂದು ಅಣುವನ್ನು ಚಿನ್ನದ ಮೇಲೆ ಕೂರಿಸಿ, ತೀರಾ ಚಳಿಯಲ್ಲಿ ನೋಡಿದರೆ ಬರೀ ಒಂದು ಕಡ್ಡಿ ಬಿದ್ದಂತೆ ಕಾಣುತ್ತದೆ. ದ್ರವ ಸಾರಜನಕದಷ್ಟು ಚಳಿಗೆ, ಅಂದರೆ ಸುಮಾರು 77 ಕೆಲ್ವಿನ್‌ಗೆ ಬಂದರೆ ಆರು ದಳದ ಹೂವಿನ ತರ ಕಾಣುತ್ತದೆ (ಇದಕ್ಕಿಂತ ಚಳಿ ಇರಲು ಸಾಧ್ಯವೇ ಇಲ್ಲ ಅನ್ನುವ ಹಂತದಿಂದ ಎಣಿಸುವ ಡಿಗ್ರಿಗೆ ಕೆಲ್ವಿನ್ ಅನ್ನುತ್ತಾರೆ). ಮೈಕ್ರೋಸ್ಕೋಪ್ ಒಂದು ಗೆರೆ ಎಳೆಯುವಷ್ಟರಲ್ಲಿ ಅದು ಅದೆಷ್ಟೋ ಸಲ ಹಾರಿ ಮುಗಿದಿರುತ್ತದೆ, ಹಾಗಾಗಿ ಆರೂ ದಿಕ್ಕು ಒಟ್ಟಿಗೇ ಚಿತ್ರದಲ್ಲಿ ಬೀಳುತ್ತವೆ.

ಇಷ್ಟು ಒಂಟಿ ಅಣುವಿನ ಕತೆ. ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಗುಂಪಿನ ಕತೆ. ಇಂಥ ಅಣುಗಳಿಗೆ ಒಂದು ತುದಿ ಸ್ವಲ್ಪ ಧನ, ಇನ್ನೊಂದು ತುದಿ ಸ್ವಲ್ಪ ಋಣ ಇರುತ್ತದೆ. ಡೈಪೋಲ್ ಅನ್ನುತ್ತಾರೆ. ಎರಡು ಡೈಪೋಲ್ ಪಕ್ಕಪಕ್ಕ ಬಂದರೆ ಒಂದಕ್ಕೊಂದು ಗೊತ್ತಾಗುತ್ತದೆ. ಒಂದರ ಬಾಲದ ಹಿಂದೆ ಇನ್ನೊಂದರ ತಲೆ ಬರುವ ಹಾಗೆ, ರೈಲು ಡಬ್ಬಿಗಳ ತರ, ಒಂದೇ ಗೆರೆಯಲ್ಲಿ ನಿಂತರೆ ಅವಕ್ಕೆ ಎಲ್ಲಕ್ಕಿಂತ ನೆಮ್ಮದಿ. ಅಕ್ಕಪಕ್ಕದಲ್ಲಿ ನಿಂತರೆ ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿದರೆ ಅರ್ಧ ನೆಮ್ಮದಿ. ಅಕ್ಕಪಕ್ಕದಲ್ಲಿ ನಿಂತು ಒಂದೇ ಕಡೆ ಮುಖ ಮಾಡಿದರೆ ಜಗಳ. ಶಕ್ತಿಯ ಲೆಕ್ಕದಲ್ಲಿ ಹೇಳಿದರೆ (ಕಮ್ಮಿ ಇದ್ದಷ್ಟೂ ನೆಮ್ಮದಿ) ಮೊದಲನೆಯದು ಮೈನಸ್ 2, ಎರಡನೆಯದು ಮೈನಸ್ 1, ಮೂರನೆಯದು ಪ್ಲಸ್ 1. ಅಂತರ ಎರಡು ಪಟ್ಟಾದರೆ ಈ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಲೆಕ್ಕದ ಮೂಲ ಇಷ್ಟೇ.

ಇಲ್ಲೇ ನಿಮ್ಮ 5 ಡಿಗ್ರಿ ವಿಷಯ ಬರುತ್ತದೆ. 5 ಡಿಗ್ರಿ ಅಂದರೆ ಫ್ರಿಜ್ಜಿನಲ್ಲಿ ತರಕಾರಿ ಇಡುವ ಚಳಿ. ಸೈಕ್ಸ್ ತಂಡ ಆ ಒಂಟಿ ಅಣುವನ್ನು ತಿರುಗಿಸಿದ್ದು 5 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 268 ಡಿಗ್ರಿ ಕೆಳಗೆ. ಒಂದು ಅಕ್ಷರ ಬಿಟ್ಟಿದ್ದಕ್ಕೆ ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಆ ಚಳಿ ಯಾಕೆ ಬೇಕು ಅನ್ನುವುದರಲ್ಲೇ ಅರ್ಧ ವಿಷಯ ಇದೆ ಸ್ವಾಮಿ. ಡೈಪೋಲ್ ಅಳೆಯುವ ಅಳತೆಗೆ ಡಿಬೈ ಅಂತ ಹೆಸರು, ನೀರಿನ ಅಣುವಿನದ್ದು 1.85 ಡಿಬೈ. ಈಗ ತಲಾ 1 ಡಿಬೈ ಇರುವ ಎರಡು ಅಣುಗಳನ್ನು 1 ನ್ಯಾನೋಮೀಟರ್ ದೂರದಲ್ಲಿ ಇಟ್ಟರೆ ಅವುಗಳ ನಡುವಿನ ಮಾತುಕತೆಯ ಬಲ ಬರೀ 7 ಕೆಲ್ವಿನ್‌ಗೆ ಸಮ. ಇದನ್ನು ನಾನೇ ಪೆನ್ನು ಹಿಡಿದು ಕೂಡಿಸಿ ನೋಡಿದೆ. ನಮ್ಮ ಮನೆಯೊಳಗಿನ ಶಾಖ ಸುಮಾರು 300 ಕೆಲ್ವಿನ್. ಅಂದರೆ ಶಾಖದ ಗಲಾಟೆ ಮಾತಿಗಿಂತ 40 ಪಟ್ಟು ಜೋರು. ಸಂತೆಯಲ್ಲಿ ಪಿಸುಗುಟ್ಟಿದರೆ ಯಾರಿಗೆ ಕೇಳುತ್ತದೆ? ಪಕ್ಕದವನು ಏನು ಹೇಳುತ್ತಿದ್ದಾನೆ ಅಂತ ಅಣುವಿಗೆ ಕೇಳಬೇಕಾದರೆ ಸಂತೆ ನಿಲ್ಲಬೇಕು. ಅದಕ್ಕೇ ಚಳಿ ಬೇಕು. ಒಂಟಿ ಅಣುವಿಗೂ ಅಷ್ಟೇ, ಶಾಖ ಇದ್ದರೆ ಅದು ತಾನಾಗಿಯೇ ಹಾರಾಡುತ್ತದೆ. ಡೈಪೋಲ್ ಎರಡು ಪಟ್ಟು ದೊಡ್ಡದಾದರೆ ಬಲ ನಾಲ್ಕು ಪಟ್ಟಾಗುತ್ತದೆ, ಆಗ ಇಷ್ಟು ಚಳಿ ಬೇಡ.

ಈಗ ಮೇಜಿನ ಕತೆ. ಇದೆಲ್ಲ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಕಣ್ಣಿಗೆ ತೋರಿಸು ಅಂದೆ. ಮಗಳು ಯೋಚನೆ ಮಾಡಿ, ಪುಟಾಣಿ ದಿಕ್ಸೂಚಿಗಳು ಇದ್ದರೆ ತೋರಿಸಬಹುದು ದೊಡ್ಡಪ್ಪ, ಅವೂ ಡೈಪೋಲೇ, ವಿದ್ಯುತ್ತಿನ ಬದಲು ಅಯಸ್ಕಾಂತ ಅಷ್ಟೇ ಅಂದಳು. ಮೊಮ್ಮಗನನ್ನು ಅಂಗಡಿಗೆ ಕಳಿಸಿ ಕಂಪಾಸ್ ತಾ ಅಂದರೆ ಅವನು ತಂದದ್ದು ಜಾಮಿಟ್ರಿ ಬಾಕ್ಸ್. ಕೊನೆಗೆ ನಾನು ಪಾಠ ಮಾಡಿದ ಶಾಲೆಯಿಂದಲೇ ಪ್ರಯೋಗಾಲಯದ ಪೆಟ್ಟಿಗೆ ಕೇಳಿ ತಂದೆ. ಎರಡು ಸೆಂಟಿಮೀಟರ್ ಅಗಲದ ಸಣ್ಣ ದಿಕ್ಸೂಚಿಗಳು, ಕೆಲಸ ಮಾಡುವಂಥವು 37 ಸಿಕ್ಕವು. ಉಳಿದವುಗಳ ಮುಳ್ಳು ತುಕ್ಕು ಹಿಡಿದು ಕೂತಿತ್ತು, ನಮ್ಮ ಮಳೆಗೆ ಯಾವ ಕಬ್ಬಿಣ ಉಳಿಯುತ್ತದೆ ಹೇಳಿ.

ಅಡುಗೆಮನೆಯ ಮೇಜಿನ ಮೇಲೆ ಎಲ್ಲವನ್ನೂ ಒತ್ತಾಗಿ ಜೋಡಿಸಿದೆವು. ದುಂಡಗಿರುವುದರಿಂದ ತಾವೇ ಕಿತ್ತಳೆಯ ಹಾಗೆ ಕೂತವು. ನೋಡಿದರೆ ಮುಳ್ಳುಗಳು ಮಂಕಾಗಿವೆ. ಒಂದು ತಿರುಗಿಸಿದರೆ ಪಕ್ಕದ್ದಕ್ಕೆ ಗೊತ್ತೇ ಆಗುತ್ತಿಲ್ಲ. ಕೆಲವು ತಲೆ ಬಗ್ಗಿಸಿ ಡಬ್ಬಿಯ ತಳಕ್ಕೆ ತಾಗಿಕೊಂಡು ಕೂತಿವೆ. ದಿಕ್ಸೂಚಿಗಳೇ ಸರಿಯಿಲ್ಲ ಅಂತ ನಾನು ಶಾಲೆಯವರಿಗೆ ಬೈಯಲು ಶುರು ಮಾಡಿದೆ. ಇವಳು ಮೇಜನ್ನು ತಟ್ಟಿ ನೋಡಿ ನಕ್ಕಳು. ಬಿಸಿ ಪಾತ್ರೆ ಇಡಲಿಕ್ಕೆ ಅಂತ ಹತ್ತು ವರ್ಷದ ಹಿಂದೆ ನಾನೇ ಅದರ ಮೇಲೆ ತಗಡು ಹೊಡೆಸಿದ್ದೆ. ಮೇಲೆ ಹೂವಿನ ಪ್ಲಾಸ್ಟಿಕ್ ಹಾಸಿದ್ದರಿಂದ ಮರೆತೇ ಹೋಗಿತ್ತು.

ನಾನು ನಾಚಿಕೊಂಡರೂ ಅವಳು ಬಿಡಲಿಲ್ಲ. ಇದೇ ಬೇಕಾಗಿದ್ದು ದೊಡ್ಡಪ್ಪ ಅಂದಳು. ಕಬ್ಬಿಣದ ತಗಡಿನ ಮೇಲೆ ಅಯಸ್ಕಾಂತ ಇಟ್ಟರೆ ತಗಡು ಕನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಕೆಳಗೆ ಇನ್ನೊಂದು ಅಯಸ್ಕಾಂತ ತಲೆಕೆಳಗಾಗಿ ಇದ್ದ ಹಾಗೆ. ಮೇಲಿನ ಮುಳ್ಳು ಆ ಪ್ರತಿಬಿಂಬದ ಕಡೆಗೆ ಜಗ್ಗುತ್ತದೆ, ಅದಕ್ಕೇ ತಲೆ ಬಗ್ಗಿಸಿತು. ಪಕ್ಕದ ದಿಕ್ಸೂಚಿಗೆ ಮುಳ್ಳಿನ ಬಲವೂ ಬರುತ್ತದೆ, ಅದಕ್ಕೆ ಉಲ್ಟಾ ಇರುವ ಪ್ರತಿಬಿಂಬದ ಬಲವೂ ಬರುತ್ತದೆ, ಎರಡೂ ಸೇರಿ ಬಹಳಷ್ಟು ವಜಾ ಆಗುತ್ತದೆ. ತಾಮ್ರದ ಮೇಲೆ ಕೂತ ಡೈಪೋಲ್ ಅಣುವಿಗೆ ಆಗುವುದೂ ಇದೇ. ಲೋಹದೊಳಗಿನ ಎಲೆಕ್ಟ್ರಾನ್‌ಗಳು ಸರಿದಾಡಿ ಉಲ್ಟಾ ಪ್ರತಿಬಿಂಬ ಕಟ್ಟುತ್ತವೆ, ಮಲಗಿದಂತೆ ಇರುವ ಡೈಪೋಲ್‌ಗಳ ಮಾತುಕತೆ ಕುಂದುತ್ತದೆ. ಹಾಗಾಗಿ ಮಾದರಿ ಮಾಡುವವರು ಕೆಳಗಿನ ಲೋಹವನ್ನು ಸುಮ್ನೆ ಮೇಜು ಅಂತ ಬಿಡುವ ಹಾಗಿಲ್ಲ. ಆರು ದಿಕ್ಕು ಕೊಡುವುದೂ ಅದೇ, ಮಾತಿನ ಸದ್ದು ತಗ್ಗಿಸುವುದೂ ಅದೇ. 31 ವರ್ಷ ಪಾಠ ಮಾಡಿದ ನನಗೆ ನನ್ನ ಅಡುಗೆಮನೆಯ ತಗಡು ಇದನ್ನು ಹೇಳಿಕೊಟ್ಟಿತು.

ಎಲ್ಲವನ್ನೂ ಎತ್ತಿ ಹಲಸಿನ ಹಲಗೆಯ ಮೇಲೆ ಇಟ್ಟೆವು. ಈಗ ನೋಡಬೇಕು! ಮುಳ್ಳುಗಳಿಗೆ ಜೀವ ಬಂತು. ಹಲಗೆಯನ್ನು ಸ್ವಲ್ಪ ಅಲುಗಿಸಿದರೆ ಎಲ್ಲ ಚದುರಿ ತಿರುಗುತ್ತವೆ, ಬಿಟ್ಟರೆ ನಾಲ್ಕೈದು ಸೆಕೆಂಡ್ ತೂಗಾಡಿ ನಿಲ್ಲುತ್ತವೆ. ಅಲುಗಿಸುವುದೇ ಶಾಖ ಅಂದುಕೊಳ್ಳಿ. ನಿಂತಾಗ ನಡುವಿನ ಮುಳ್ಳುಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಮುಖ ಮಾಡಿದ್ದವು. ಅದು ಉತ್ತರವೇನೂ ಆಗಿರಲಿಲ್ಲ, ಇಷ್ಟು ಹತ್ತಿರ ಇದ್ದರೆ ಭೂಮಿಗಿಂತ ಪಕ್ಕದ ಮುಳ್ಳಿನ ಮಾತೇ ಜೋರು. ಅಂಚಿನಲ್ಲಿದ್ದವು ಮಾತ್ರ ಅಂಚಿನ ಗುಂಟ ಬಾಗಿ ಸುತ್ತು ಹಾಕಿಕೊಂಡಿದ್ದವು. ಆಮೇಲೆ ಅದೇ ದಿಕ್ಸೂಚಿಗಳಲ್ಲಿ 36ನ್ನು ಚದುರಂಗದ ಮನೆಯ ಹಾಗೆ ಆರಕ್ಕೆ ಆರು ಚೌಕವಾಗಿ ಜೋಡಿಸಿದೆವು. ಅವೇ ಮುಳ್ಳು, ಅದೇ ಹಲಗೆ. ಈಗ ಒಂದು ಸಾಲು ಆ ಕಡೆ ನೋಡಿದರೆ ಪಕ್ಕದ ಸಾಲು ಈ ಕಡೆ. ಒಂದು ಮೂಲೆಯಲ್ಲಿ ನಾಲ್ಕು ಸೇರಿ ಒಂದರ ಬಾಲ ಒಂದು ಹಿಡಿದು ಗಿರಕಿ ಹೊಡೆದ ಹಾಗೆ ನಿಂತಿದ್ದವು. ಮುಳ್ಳುಗಳು ಬದಲಾಗಲಿಲ್ಲ, ಕೂತ ಜಾಗ ಬದಲಾಯ್ತು, ಊರಿನ ರೀತಿಯೇ ಬದಲಾಯ್ತು. ಕಾಗದದ ಮೇಲಿನ ಲೆಕ್ಕವೂ ಇದನ್ನೇ ಹೇಳುತ್ತದಂತೆ. ಕಿತ್ತಳೆ ಜೋಡಣೆಯಲ್ಲಿ ಡೈಪೋಲ್‌ಗಳು ಒಂದೇ ಕಡೆ ಮುಖ ಮಾಡಲು ಇಷ್ಟಪಡುತ್ತವೆ, ಚೌಕದಲ್ಲಿ ಸಾಲು ಬಿಟ್ಟು ಸಾಲು ಉಲ್ಟಾ ಆಗುತ್ತವೆ. ಇಲ್ಲಿ ಆಜ್ಞೆ ಕೊಟ್ಟವರು ಯಾರು, ನಾನಾ ಮಗಳಾ?

ಇದಕ್ಕೆ ಕಂಪ್ಯೂಟರ್ ಯಾಕೆ, ಪೆನ್ನು ಹಿಡಿದು ಕೂಡಿ ಕಳೆದು ನೋಡಬಾರದಾ ಅಂತ ಕೇಳಿದೆ. ಒಂದು ಅಣುವಿಗೆ ಆರು ದಿಕ್ಕು. ಬರೀ 16 ಅಣು ಇಟ್ಟರೂ ಅವು ನಿಲ್ಲಬಹುದಾದ ರೀತಿಗಳು 2.8 ಲಕ್ಷ ಕೋಟಿ. 100 ಅಣು ಇಟ್ಟರೆ ಆ ಸಂಖ್ಯೆ ಬರೆಯಲು 78 ಅಂಕಿ ಬೇಕು. ಒಂದೊಂದಾಗಿ ನೋಡುವ ಕಂಪ್ಯೂಟರ್ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅದಕ್ಕೆ ಜೂಜಿನ ದಾರಿ ಹಿಡಿಯುತ್ತಾರೆ. ನಿಜವಾಗಿಯೂ ಜೂಜೇ. ಹೆಸರೇ ಮಾಂಟೆ ಕಾರ್ಲೋ, ಮೊನಾಕೋದ ಜೂಜಿನ ಊರು. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಅನ್ನುವ ಗಣಿತದವರು ಕಾಯಿಲೆಯಿಂದ ಸುಧಾರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟ್ ಆಡುತ್ತಿದ್ದಾಗ ಹೊಳೆದ ಯೋಚನೆ ಅದು. ಇಸ್ಪೀಟ್ ಆಡಿ ಯಾರೂ ಉದ್ಧಾರ ಆಗಿಲ್ಲ ಅಂತ ಮಕ್ಕಳಿಗೆ ಹೇಳಿದ್ದೆ, ವಾಪಸ್ ತಗೊಳ್ಳುತ್ತೇನೆ. 1953ರಲ್ಲಿ ಮೆಟ್ರೋಪೊಲಿಸ್ ಮತ್ತು ಜೊತೆಯವರು ಅದಕ್ಕೆ ಒಂದು ಸರಳ ನಿಯಮ ಕೊಟ್ಟರು.

ನಿಯಮ ಹೀಗೆ. ಯಾವುದೋ ಒಂದು ಅಣುವನ್ನು ಕಣ್ಣುಮುಚ್ಚಿ ಆರಿಸು. ಅದನ್ನು ಬೇರೆ ದಿಕ್ಕಿಗೆ ತಿರುಗಿಸಿ ನೋಡು. ಸುತ್ತಲಿನವರ ಜೊತೆ ಜಗಳ ಕಮ್ಮಿಯಾಯ್ತಾ, ಹಾಗೇ ಬಿಡು. ಜಾಸ್ತಿಯಾಯ್ತಾ, ತಕ್ಷಣ ಹಿಂದಕ್ಕೆ ತಿರುಗಿಸಬೇಡ, ದಾಳ ಹಾಕು. ಜಾಸ್ತಿಯಾದ ಶಕ್ತಿ ಶಾಖದ ಶಕ್ತಿಗೆ ಸಮ ಇದ್ದರೆ ನೂರಕ್ಕೆ 37 ಸಲ ಒಪ್ಪಿಕೋ. ಮೂರು ಪಟ್ಟಿದ್ದರೆ ನೂರಕ್ಕೆ 5 ಸಲ. ಇದನ್ನೇ ಕೋಟಿಗಟ್ಟಲೆ ಸಲ ಮಾಡು. ನನಗೆ ಈ ದಾಳದ ಭಾಗ ತುಂಬಾ ಹಿಡಿಸಿತು. ತಪ್ಪು ಹೆಜ್ಜೆಗೂ ಒಂದಷ್ಟು ಜಾಗ ಕೊಡದಿದ್ದರೆ ಅಣುಗಳು ಯಾವುದೋ ಅರೆಬರೆ ಜೋಡಣೆಯಲ್ಲೇ ಸಿಕ್ಕಿಹಾಕಿಕೊಂಡು ಬಿಡುತ್ತವಂತೆ. ಶಾಖವನ್ನು ದಿಢೀರ್ ಇಳಿಸಿದರೂ ಅಷ್ಟೇ. ಒಂದು ಗುಂಪು ಪೂರ್ವಕ್ಕೆ, ಒಂದು ಗುಂಪು ದಕ್ಷಿಣಕ್ಕೆ, ನಡುವೆ ಗಡಿ. ಒಡಿಕತ್ತಿ ಮಾಡುವ ಕಮ್ಮಾರರಿಗೆ ಇದು ಗೊತ್ತು, ಕಾದ ಕಬ್ಬಿಣವನ್ನು ನೀರಿಗೆ ಅದ್ದಿದರೆ ಒಂದು ಗುಣ, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿದರೆ ಇನ್ನೊಂದು. ಕರೆಂಟ್ ಹೋದಾಗ ಇವಳ ಲೆಕ್ಕ ಇಂಥ ನಿಧಾನ ಆರಿಸುವ ಹಂತದಲ್ಲೇ ಇತ್ತು. ಎರಡು ದಿನದ ಓಟ ನೀರಿಗೆ ಬಿತ್ತು. ಕರೆಂಟಿನವರಿಗೆ ಬೇರೆ ಪತ್ರ ಬರೆದಿದ್ದೇನೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮಧ್ಯೆ ಒಬ್ಬ ಮೇಷ್ಟ್ರ ಕತೆ ಹೇಳದೆ ಇರಲಾರೆ. ಪಕ್ಕದವರನ್ನು ನೋಡಿ ಮುಖ ತಿರುಗಿಸುವ ಈ ತರದ ಲೆಕ್ಕಕ್ಕೆಲ್ಲ ದೊಡ್ಡಪ್ಪ ಅಂದರೆ ಈಸಿಂಗ್ ಮಾದರಿ. 1920ರಲ್ಲಿ ಜರ್ಮನಿಯ ಲೆನ್ಜ್ ಅನ್ನುವವರು ಇದನ್ನು ಮುಂದಿಟ್ಟರು, ಆಮೇಲೆ ತಮ್ಮ ಶಿಷ್ಯ ಅರ್ನ್ಸ್ಟ್ ಈಸಿಂಗ್‌ಗೆ ಬಿಡಿಸಲು ಕೊಟ್ಟರು. ಅಣುವಿನ ಬದಲು ಪುಟಾಣಿ ಅಯಸ್ಕಾಂತ, ಆರು ದಿಕ್ಕಿನ ಬದಲು ಎರಡೇ, ಮೇಲೆ ಅಥವಾ ಕೆಳಗೆ. ಈಸಿಂಗ್ ಒಂದೇ ಸಾಲಿಗೆ ಲೆಕ್ಕ ಹಾಕಿ 1925ರಲ್ಲಿ ಪ್ರಕಟಿಸಿದ. ಒಂದೇ ಸಾಲಿನಲ್ಲಿ ಸ್ವಲ್ಪ ಶಾಖ ಇದ್ದರೂ ಶಿಸ್ತು ಉಳಿಯುವುದಿಲ್ಲ ಅಂತ ಬಂತು. ಅದು ಸರಿ. ಸಾಲಿನಲ್ಲಿ ಒಬ್ಬ ಉಲ್ಟಾ ತಿರುಗಿದರೆ ಅವನ ಹಿಂದಿನವರೆಲ್ಲ ಅವನನ್ನೇ ನೋಡಿ ತಿರುಗುತ್ತಾರೆ, ತಡೆಯುವವರು ಇಲ್ಲ. ಆದರೆ ಅಗಲ ಉದ್ದ ಎತ್ತರ ಎಲ್ಲ ಇದ್ದರೂ ಹೀಗೇ ಆಗುತ್ತದೆ ಅಂದುಕೊಂಡ, ಅಲ್ಲಿ ಎಡವಿದ. ಹಾಸಿನಲ್ಲಿ ನಾಲ್ಕೂ ಕಡೆ ಪಕ್ಕದವರು ಹಿಡಿದುಕೊಂಡಿರುತ್ತಾರೆ, ಶಿಸ್ತು ಉಳಿಯುತ್ತದೆ. 1944ರಲ್ಲಿ ಲಾರ್ಸ್ ಆನ್ಸಾಗರ್ ಅದನ್ನು ಪೂರ್ತಿ ಬಿಡಿಸಿ ತೋರಿಸಿದರು. ಅಷ್ಟರಲ್ಲಿ ಯಹೂದಿಯಾದ ಈಸಿಂಗ್ ಜರ್ಮನಿ ಬಿಟ್ಟು ಲಕ್ಸೆಂಬರ್ಗ್ ಸೇರಿ, ಕುರಿ ಕಾದು, ರೈಲು ಹಳಿ ಕೆಲಸ ಮಾಡಿ ಜೀವ ಉಳಿಸಿಕೊಂಡಿದ್ದರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಪಾಠ ಮಾಡಿಕೊಂಡು ಇದ್ದುಬಿಟ್ಟರು. ತನ್ನ ಹೆಸರು ಜಗತ್ತಿನ ಭೌತಶಾಸ್ತ್ರದವರ ಬಾಯಲ್ಲಿ ಓಡಾಡುತ್ತಿದೆ ಅಂತ ಗೊತ್ತಾದದ್ದೇ ಆಮೇಲೆ. ಹಿಂದೆ ಜರ್ಮನಿಯಲ್ಲಿ ಶಾಲಾ ಮೇಷ್ಟ್ರೂ ಆಗಿದ್ದವರು. ನಮ್ಮ ಜಾತಿಯವರು ಅಂತ ನನಗೆ ಸ್ವಲ್ಪ ಹೆಮ್ಮೆ.

ಈಗ ಕವಾಯತಿಗೆ ಬರುತ್ತೇನೆ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆಯವರಿಗೆ ಕವಾಯತು ಅಂದರೆ ಏನು ಅಂತ ನಿಮ್ಮ ಪುರವಣಿ ಹೇಳಿಕೊಡಬೇಕಾಗಿಲ್ಲ ಅಂತ ಬರೆಯಲು ಹೊರಟಿದ್ದೆ. ಸಂಜೆ ನನ್ನ ಭಾವ ಬಂದರು. ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು, ಈಗ ಕರಿಮೆಣಸು ನೋಡಿಕೊಂಡಿದ್ದಾರೆ. ವಿಷಯ ಕೇಳಿ, ನೀವು ಮೇಷ್ಟ್ರುಗಳಿಗೆ ಕವಾಯತು ಗೊತ್ತಿಲ್ಲ ಭಾವ ಅಂದರು. 'ದಾಹಿನೇ ಸಜ್' ಅಂತ ಒಂದು ಸಲ ಕೂಗುತ್ತೇವೆ, ಅಷ್ಟೇ. ಸಾಲು ನೆಟ್ಟಗೆ ಮಾಡುವುದು ನಾವಲ್ಲ. ಪ್ರತಿಯೊಬ್ಬನೂ ಕುತ್ತಿಗೆ ಬಲಕ್ಕೆ ತಿರುಗಿಸಿ ಪಕ್ಕದವನ ಎದೆ ನೋಡಿಕೊಂಡು ಚೂರು ಹಿಂದೆ, ಚೂರು ಮುಂದೆ ಸರಿಯುತ್ತಾನೆ. ಬಲದ ತುದಿಯವನೊಬ್ಬ ಮಾತ್ರ ಅಲುಗಾಡುವುದಿಲ್ಲ, ಅವನು ಅಲುಗಿದರೆ ಸಾಲೇ ಹಾಳು.

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಯಾಕೆ ಅಂದರೆ ನಿಮ್ಮ ಬರಹದಲ್ಲಿ ಬಂದ ಇನ್ನೊಂದು ಪ್ರಯೋಗ, ನೂರಾರು ಅಣುಗಳು ಒಟ್ಟಿಗೆ ತಿರುಗಿದ್ದು, ಬಹುಶಃ 2016ರಲ್ಲಿ ಪ್ರಕಟವಾದದ್ದು. ತಾಮ್ರದ ಮೇಲೆ ಕಿತ್ತಳೆ ಜೋಡಣೆಯಲ್ಲಿ ಪಾರ್ಫಿರಿನ್ ಅನ್ನುವ ಜಾತಿಯ ಅಣುಗಳನ್ನು, ಒಂದರ ಮೇಲೊಂದು ಎರಡು ಅಂತಸ್ತಾಗಿ ಇರುವಂಥವನ್ನು, ಹಾಸಿದ್ದರು. 80 ಕೆಲ್ವಿನ್‌ನಲ್ಲಿ ಮೈಕ್ರೋಸ್ಕೋಪಿನ ಮೊನೆಯಿಂದ 1 ವೋಲ್ಟಿಗಿಂತ ಜಾಸ್ತಿ ಕೊಟ್ಟಾಗ ನೂರಾರು ಅಣುಗಳ ಮೇಲಂತಸ್ತು ಒಟ್ಟಿಗೇ ತಿರುಗಿತು. ಅಲ್ಲಿಗೆ ಒಂದು ಕೂಗು ಇದ್ದದ್ದು ನಿಜ. ಆದರೆ ವೋಲ್ಟೇಜ್ ಕಮ್ಮಿ ಕೊಟ್ಟಾಗ ಅಣುಗಳ ತೋಳುಗಳು ಬೇರೆ ಬೇರೆ ದಿಕ್ಕಿಗೆ ಸ್ವಲ್ಪ ಸ್ವಲ್ಪ ಸರಿದವು, ಲೆಕ್ಕ ಹಾಕಿ ನೋಡಿದರೆ ಆ ಸರಿದಾಟ ಬೇಕಾಬಿಟ್ಟಿ ಆಗಿರಲಿಲ್ಲ, ಪಕ್ಕದವರ ಜೊತೆ ಹೊಂದಿಸಿಕೊಂಡು ಒಟ್ಟು ಶಕ್ತಿ ಕಮ್ಮಿ ಮಾಡಿಕೊಳ್ಳುವ ಸರಿದಾಟ ಆಗಿತ್ತು. ಇನ್ನೊಂದು ವಿಚಿತ್ರ ಕೇಳಿ. ಹಾಸಿನಲ್ಲಿ ಅಲ್ಲಲ್ಲಿ ಕುಂದು ಇರುವುದು ಕೆಡುಕಲ್ಲ, ಬೇಕೇ ಬೇಕು ಅಂತ ಅವರು ಕಂಡರು. ತಿರುಗಿಸುವ ಬಲ ಹೆಚ್ಚಿಸುವುದೂ, ತಿರುಗಿದ ಗುಂಪನ್ನು ಹಾಗೇ ಹಿಡಿದು ನಿಲ್ಲಿಸುವುದೂ ಆ ಕುಂದುಗಳೇ. ಭಾವನ ಬಲದ ತುದಿಯ ಜವಾನ ನೆನಪಾದ.

ನಮ್ಮ ಹಲಗೆಯ ಮೇಲೂ ಇದರ ಒಂದು ಚೂರು ಕಂಡಿತು, ಅದೂ ಮೊಮ್ಮಗನ ತುಂಟಾಟದಿಂದ. ಅವನು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಿದ್ದ. ಫೋನಿನ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ. ಆ ತುದಿ ಹಲಗೆಯ ಮೂಲೆಗೆ ಬಂದದ್ದೇ ತಡ, ಮೂಲೆಯ ನಾಲ್ಕೈದು ಮುಳ್ಳು ಸರಕ್ಕನೆ ತಿರುಗಿದವು, ಅವುಗಳ ಹಿಂದೆ ಫೋನು ಮುಟ್ಟದಷ್ಟು ದೂರದ ಏಳೆಂಟು ಮುಳ್ಳುಗಳೂ ತಿರುಗಿದವು. ಫೋನ್ ತೆಗೆದ ಮೇಲೆ ಕೆಲವು ವಾಪಸ್ ಬಂದವು, ಕೆಲವು ಹಾಗೇ ನಿಂತವು. ನಾವು ಒಂದು ದಿಕ್ಸೂಚಿಯನ್ನು ಹಲಗೆಯಿಂದ ಎತ್ತಿ ಗುಂಡಿ ಬಿಟ್ಟು ಮತ್ತೆ ಮಾಡಿದೆವು. ಗುಂಡಿಯ ಸುತ್ತಲಿನ ಮುಳ್ಳುಗಳು ಗುಂಡಿಗೆ ಬೆನ್ನು ಹಾಕದೆ ಅದರ ಅಂಚಿನ ಗುಂಟ ವಾಲಿಕೊಂಡವು. ಇದನ್ನೇ ಆ ಪ್ರಯೋಗದ ಸಾಕ್ಷಿ ಅಂತ ನಾನು ಹೇಳುತ್ತಿಲ್ಲ, ದಿಕ್ಸೂಚಿಗೆ ಆರು ದಿಕ್ಕಿನ ಹಳ್ಳಗಳಿಲ್ಲ, ಅದು ನುಣ್ಣಗೆ ತಿರುಗುತ್ತದೆ. ಆದರೂ ರಾತ್ರಿ ಹತ್ತರವರೆಗೆ ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದೆವು. ಪಾಯಸ ಆರಿ ಗಟ್ಟಿಯಾಗಿತ್ತು.

ಹಾಗಾಗಿ ನಿಮ್ಮ ಸೈನಿಕರ ಹೋಲಿಕೆಯನ್ನು ಪೂರ್ತಿ ಹೊಡೆದುಹಾಕಿ ಅಂತ ಕೇಳುವುದಿಲ್ಲ. ವಿಜ್ಞಾನಿಯ ಆಜ್ಞೆ ಅನ್ನುವ ಜಾಗದಲ್ಲಿ ಪಕ್ಕದವನ ಎದೆ ಅಂತ ಇದ್ದಿದ್ದರೆ ಸರಿಯಾಗುತ್ತಿತ್ತು. ಇನ್ನೊಂದು ಮಾತು, ನಾಳೆಯೇ ಈ ಅಣುಗಳು ರಕ್ತನಾಳದಲ್ಲಿ ಓಡಾಡಿ ಕಾಯಿಲೆ ವಾಸಿ ಮಾಡುತ್ತವೆ ಅನ್ನುವ ಕೊನೆಯ ಪ್ಯಾರಾ. ಅಣು ಯಂತ್ರಗಳಿಗೆ 2016ರಲ್ಲಿ ಸೋವಾಜ್, ಸ್ಟಾಡರ್ಟ್, ಫೆರಿಂಗಾ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಾಗಿನಿಂದ ಎಲ್ಲ ಕಡೆ ಇದೇ ಪ್ಯಾರಾ ಓದುತ್ತಿದ್ದೇನೆ. ಇಲ್ಲಿ ಹೇಳಿದ ಅಣುಗಳು ತಾಮ್ರಕ್ಕೆ ಅಂಟಿಕೊಂಡು, ಗಾಳಿಯೇ ಇಲ್ಲದ ಡಬ್ಬಿಯಲ್ಲಿ, ಆ ಚಳಿಯಲ್ಲಿ ಕೂತಿರುವಂಥವು. ಅವು ಒಂದಕ್ಕೊಂದು ಸುದ್ದಿ ದಾಟಿಸುವುದನ್ನು ಕಲಿತರೆ ತೀರಾ ಸಣ್ಣ ಜಾಗದಲ್ಲಿ ಮಾಹಿತಿ ಇಡಲು ಆಗಬಹುದು ಅಂತ ಮಗಳು ಆಸೆ ಇಟ್ಟುಕೊಂಡಿದ್ದಾಳೆ. ರಕ್ತನಾಳದ ಮಾತು ಅವಳ ಬಾಯಲ್ಲಿ ಒಂದು ಸಲವೂ ಬರಲಿಲ್ಲ.

ನಿಮ್ಮ ಲೇಖಕರು ಇನ್ನೊಮ್ಮೆ ಇದರ ಬಗ್ಗೆ ಬರೆಯುವುದಾದರೆ, ದಯವಿಟ್ಟು ಬೆರಗಿನ ಚಿತ್ರಕ್ಕಿಂತ ಆ ದಾಳದ ನಿಯಮ ಹಾಕಿ. ಹೈಸ್ಕೂಲ್ ಹುಡುಗರಿಗೆ ಅರ್ಥವಾಗುತ್ತದೆ, ನನ್ನ ಮೊಮ್ಮಗ ಎಂಟನೇ ಕ್ಲಾಸು, ಮಾರನೇ ದಿನ ಚೌಕದ ಪುಸ್ತಕದಲ್ಲಿ ಬಾಣ ಬರೆದು, ಲೂಡೋ ದಾಳ ಹಾಕಿ ಮೂರಕ್ಕೆ ಮೂರು ಮನೆಯಲ್ಲಿ ತಾನೇ ಆಡಿದ. ಎಂಟು ಸಲ ತಪ್ಪಿದ, ಅಳಿಸಿ ಅಳಿಸಿ ಹಾಳೆ ತೂತಾಯ್ತು.

ಮಗಳು ಬೆಂಗಳೂರಿಗೆ ವಾಪಸ್ ಹೋಗಿದ್ದಾಳೆ, ನಿಂತ ಲೆಕ್ಕವನ್ನು ಮೊದಲಿಂದ ಓಡಿಸುತ್ತಿದ್ದಾಳಂತೆ. ದಿಕ್ಸೂಚಿಗಳನ್ನು ಶಾಲೆಗೆ ತಿರುಗಿಸಿ ಕೊಟ್ಟೆ. ನೀವು ತಿದ್ದುಪಡಿ ಹಾಕುವುದಾದರೆ ದೊಡ್ಡದು ಬೇಡ, 5ರ ಮುಂದಿನ ಡಿಗ್ರಿ ತೆಗೆದು ಕೆಲ್ವಿನ್ ಅಂತ ಮಾಡಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ
ಸೋಮವಾರಪೇಟೆ ತಾಲ್ಲೂಕು, ಕೊಡಗು